ಅಮೆರಿಕದ ಹೈಸ್ಕೂಲು ಆಟಗಾರರೂ ಆಗಸ್ಟ್ ತಿಂಗಳ ಧಗೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಿಂದ ನಡೆಯುವ ಆಟವು ನಮ್ಮ ಬಾಲಕರು ಆಡುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಎದುರು ಪಕ್ಷದವರು ಮೈಮೇಲೆ ಬಿದ್ದು ಕೆಡಹುವುದೇ ಆಟದ ಮುಖ್ಯಾಂಗ. ಹೆಸರಿಗೂ ವಸ್ತುವಿಗೂ ಹೊಂದಿಕೆಯಿಲ್ಲದ ಇಂತಹ ಪದವನ್ನು ನಮ್ಮ ಶಾಸ್ತ್ರಕಾರರು ರೂಢಿಯೆಂದು ಕರೆದು ಸುಮ್ಮನಾಗುತ್ತಿದ್ದರು. ನಾವೂ ಹಾಗೆಯೇ ಸುಮ್ಮನಾಗುವೆವು. ಮಲ್ಲಯುದ್ಧವನ್ನು ಹೋಲುವ ಈ ಆಟಕ್ಕೆ ತಕ್ಕ ಕವಚವೂ ಉಂಟು: ತಲೆಗೆ ಗಟ್ಟಿಯಾದ ಶಿರಸ್ತ್ರಾಣ, ಹೆಗಲಿಗೂ ಎದೆಗೂ ದಪ್ಪನೆಯ ಮೆತ್ತೆ, ತೊಡೆ ಮೊಣಕಾಲುಗಳಿಗೆ ಬೇರೆ ಮೆತ್ತೆಗಳು, ಇವೆಲ್ಲದರ ಮೇಲೆ ಬಿಗಿಯಾದ ಉಡುಪು. ಪಂದ್ಯಗಳು ನಡೆಯುವುದು ಶರತ್ಕಾಲದಲ್ಲಿ. ಆದರೆ ಅದಕ್ಕೆ ಬೇಕಾದ ಅಭ್ಯಾಸವು ಪ್ರಾರಂಭವಾಗುವುದು ಜುಲೈ ತಿಂಗಳ ಕೊನೆಯಲ್ಲಿ ಅಥವಾ ಆಗಸ್ಟ್ ತಿಂಗಳಲ್ಲಿ, ಎಂದರೆ ಆ ದೇಶದ ಕಡುಬೇಸಗೆಯಲ್ಲಿ. ಈ ಕವಚಧಾರಣೆಯೂ ಈ ಋತುವೂ ಒಂದುಗೂಡಿದಾಗ ಹದಿನಾಲ್ಕು ಹದಿನೈದು ವರ್ಷದ ಬಾಲಕರಿಗೆ ಪ್ರಾಣಾಪಾಯವೇ ಸಂಭವಿಸುವುದುಂಟು. ಆ ಅಪಾಯದ ಸ್ವರೂಪವೇನು, ಅದನ್ನು ತಪ್ಪಿಸುವ ಬಗೆಯೇನು ಎಂಬುದನ್ನು ಇಲ್ಲಿ ತಿಳಿಸಲು ಉದ್ದೇಶಿಸಿದ್ದೇವೆ.

ದೂರದೇಶದ ಈ ಸಂಗತಿಯಿಂದ ನಮಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ನ್ಯೂಜೆರ್ಸಿ, ಟೆಕ್ಸಸ್, ಜಾರ್ಜಿಯ, ಕ್ಯಾಲಿಫೋರ್ನಿಯ ಮುಂತಾದ ಸಂಸ್ಥಾನಗಳಲ್ಲಿ ಇಂದು ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಹೈಸ್ಕೂಲು ಸೇರಿದೊಡನೆ ತಾವೂ ಶಾಲೆಯ ತಂಡಕ್ಕೆ ಸೇರುವೆವೆಂದು ಹಟಹಿಡಿಯುವುದು ಸಹಜವೇ. ಆಗ ಇಲ್ಲಿರುವ ಅಜ್ಜಿಗೆ ಎಲುಬು ಮುರಿದೀತೆಂಬ ಭಯ. ಅಲ್ಲಿರುವ ತಾಯಿಗೆ ತಲೆಗೆ ಪೆಟ್ಟು ಬಿದ್ದೀತೆಂಬ ಭಯ. ಇವೆರಡೂ ನಿರಾಧಾರವಾದುವಲ್ಲ. ಆದರೆ ಧಗೆಯ ಭಯವು ಬಹುಮಂದಿಗೆ ಹೊಳೆಯುವುದೇ ಇಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಗಳ ಬಿಸಿಲನ್ನು ಉಂಡು ಬೆಳೆದವರ ಮನೆತನಕ್ಕೆ ಅಮೆರಿಕದ ಬಿಸಿಲು ಏನು ಮಾಡೀತೆಂಬ ತಾತ್ಸಾರವೂ ಇದಕ್ಕೆ ಕಾರಣವಾಗಿರಬಹುದು. ತಂದೆಯು ಬಳ್ಳಾರಿಯವನೆಂಬ ಮಾತ್ರಕ್ಕೆ, ಬೇಸಗೆಯ ರಜವನ್ನೆಲ್ಲ ತಂಪುಯಂತ್ರದ ಕೊಠಡಿಯಲ್ಲಿ ಕಳೆದ ಮಗನಿಗೆ ಯಾವ ರಕ್ಷಣೆಯೂ ದೊರೆಯದು. ಬಿಸಿಲನ್ನು ತಾಳುವ ಶಕ್ತಿಯನ್ನು ದೇಹವು ತಾನೇ ದುಡಿದು ಗಳಿಸಬೇಕು. ಅದು ಪಿತ್ರಾರ್ಜಿತ ಸ್ವತ್ತಲ್ಲ.

ದೇಹದಲ್ಲಿ ನಡೆಯುವುದೇನೆಂಬುದನ್ನು ಮೊದಲು ನೋಡೋಣ. ಮಾಂಸಖಂಡಗಳು ದುಡಿಯುವಾಗ ಆಹಾರದಿಂದ ಬಂದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಸಲ್ಲುವುದು. ಮಿಕ್ಕ ಮುಕ್ಕಾಲು ಭಾಗವು ಶಾಖವಾಗಿ ಪರಿಣಮಿಸುವುದು. ಆ ಶಾಖವನ್ನು ರಕ್ತವು ಚರ್ಮದವರೆಗೆ ಹೊತ್ತು ತರುವುದು. ಅಲ್ಲಿ ಬೆವರು ಆವಿಯಾಗುವಾಗ ಶಾಖವೂ ಅದರೊಡನೆ ಹೊರಟುಹೋಗುವುದು. ಬೆವರು ಸುರಿದರೆ ಸಾಲದು, ಅದು ಆವಿಯಾಗಬೇಕು. ಗಾಳಿಯಲ್ಲಿ ತೇವವು ಹೆಚ್ಚಾಗಿದ್ದರೆ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುವುದೇ ಹೊರತು ಮೈಯನ್ನು ತಣಿಸದು. ಮಂಗಳೂರಿನ ಏಪ್ರಿಲ್ ತಿಂಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳ ಆಗಸ್ಟ್ ತಿಂಗಳೂ ಅಂತಹುದೇ. ಅದರ ಮೇಲೆ ಶಿರಸ್ತ್ರಾಣವೂ ಮೆತ್ತೆಗಳೂ ಚರ್ಮದ ದೊಡ್ಡ ಭಾಗವನ್ನು ಮುಚ್ಚಿಬಿಡುವುವು. ಒಲೆಯ ಉರಿಯನ್ನು ಹೆಚ್ಚಿಸಿ ಪಾತ್ರೆಯ ಮುಚ್ಚಳವನ್ನು ಬಿಗಿದಂತೆ ಆಗುವುದು. ಆಟದ ಬಯಲು ಹುಲ್ಲಿನದಾಗಿರದೆ ಕೃತಕ ಹಾಸಿನದಾಗಿದ್ದರೆ, ಬಿಸಿಲಿನಲ್ಲಿ ಆ ಹಾಸು ಹುಲ್ಲಿಗಿಂತ ಬಹಳ ಹೆಚ್ಚಾಗಿ ಕಾಯುವುದು.

ನಮ್ಮ ಮನೆಗಳ ಜ್ವರಮಾಪಕದಲ್ಲಿ ೧೦೪ ಡಿಗ್ರಿ ಕಂಡರೆ ನಾವು ಗಾಬರಿಯಾಗುವೆವು. ಆಡುತ್ತಿರುವ ಬಾಲಕನ ಒಳಮೈಯ ಶಾಖವು ೧೦೪ನ್ನು ದಾಟಿ, ಅದರೊಡನೆ ಬುದ್ಧಿಯು ಕದಡಿದರೆ ಅದನ್ನೇ ವೈದ್ಯರು ಶ್ರಮಜನ್ಯವಾದ ಉಷ್ಣಾಘಾತವೆನ್ನುವರು. ಬಿಸಿಲು ಹೊಡೆದವನ ಮೈ ಒಣಗಿರುವುದು, ಬೆವರು ನಿಂತಿರುವುದು ಎಂದು ಹಳೆಯ ಆರೋಗ್ಯಬೋಧಿನಿಗಳಲ್ಲಿ ಓದಿದ ನೆನಪು ಹಲವರಿಗಿರಬಹುದು. ವೃದ್ಧರಿಗೆ ಮನೆಯೊಳಗೆ ಕುಳಿತಲ್ಲಿಯೇ ಉಂಟಾಗುವ ಉಷ್ಣಾಘಾತದಲ್ಲಿ ಹಾಗಿರುವುದುಂಟು. ಆಟಗಾರನ ವಿಷಯದಲ್ಲಿ ಮಾತ್ರ ಈ ಲಕ್ಷಣವನ್ನು ನಂಬಿದರೆ ಕೆಟ್ಟಂತೆಯೇ. ಅವನ ಮೈ ಬೆವರಿನಿಂದ ತೊಯ್ದಿರುವಾಗಲೇ ಒಳಗಿನ ಶಾಖವು ೧೦೬, ೧೦೭ನ್ನು ಮುಟ್ಟಿರಬಹುದು. ನೋಡಬೇಕಾದುದು ಅವನ ನಡೆನುಡಿಗಳನ್ನು. ತಡವರಿಸುವನು, ತೂರಾಡುವನು, ಕಾರಣವಿಲ್ಲದೆ ರೇಗುವನು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವನು. ಕೆಲವೊಮ್ಮೆ ಸ್ವಲ್ಪ ಹೊತ್ತು ಚೇತರಿಸಿಕೊಂಡಂತೆ ಕಂಡು ಮತ್ತೆ ಕುಸಿಯುವನು. ಸೌಮ್ಯಸ್ವಭಾವದ ಹುಡುಗನು ಇದ್ದಕ್ಕಿದ್ದಂತೆ ಒರಟಾಗಿ ಮಾತನಾಡಿದರೆ ಅದನ್ನು ಅವಿನಯವೆಂದು ತಿಳಿದು ಮತ್ತೊಂದು ಸುತ್ತು ಓಡಿಸುವ ಗುರುವಿನ ಕೈಯಲ್ಲಿ ಆ ಹುಡುಗನು ಉಳಿಯುವುದು ಕಷ್ಟ.

ಈ ಕಂಟಕವು ಹೆಚ್ಚಾಗಿ ಒದಗುವುದು ಅಭ್ಯಾಸದ ಮೊದಲ ಕೆಲವು ದಿವಸಗಳಲ್ಲಿ. ಹೆಚ್ಚಾಗಿ ತಗಲುವುದು ಸ್ಥೂಲದೇಹಿಗಳಾದ, ಮುಂಚೂಣಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ ಬಾಲಕರಿಗೆ. ಅವರ ಮೈಯಲ್ಲಿ ಹುಟ್ಟುವ ಶಾಖ ಹೆಚ್ಚು, ಅದನ್ನು ಹೊರಹಾಕುವ ಚರ್ಮವು ತೂಕಕ್ಕೆ ಹೋಲಿಸಿದರೆ ಕಡಮೆ.

ಒಂದು ಕಾಲಕ್ಕೆ ಅಮೆರಿಕದ ಆಟದ ಗುರುಗಳಲ್ಲಿ ವಿಲಕ್ಷಣವಾದ ನಂಬಿಕೆಯೊಂದಿತ್ತು. ಅಭ್ಯಾಸದ ನಡುವೆ ನೀರು ಕುಡಿಯುವುದು ದೌರ್ಬಲ್ಯದ ಗುರುತು. ಬಾಯಾರಿಕೆಯನ್ನು ತಡೆದವನೇ ಗಂಡಸು. ೧೯೫೪ರಲ್ಲಿ ಟೆಕ್ಸಸ್ ಸಂಸ್ಥಾನದ ಜಂಕ್ಷನ್ ಎಂಬ ಊರಿನಲ್ಲಿ, ಬರಗಾಲದ ಬಿಸಿಲಿನಲ್ಲಿ, ಬೇರ್ ಬ್ರಯಂಟ್ ಎಂಬ ಹೆಸರಾಂತ ಕೋಚ್ ತನ್ನ ಕಾಲೇಜು ತಂಡಕ್ಕೆ ಹತ್ತು ದಿವಸಗಳ ಶಿಬಿರವನ್ನು ನಡೆಸಿದನು. ಅಲ್ಲಿ ಆಟಗಾರರಿಗೆ ಅಭ್ಯಾಸದ ನಡುವೆ ನೀರು ಕೊಡುತ್ತಿರಲಿಲ್ಲ. ಅನೇಕರು ರಾತ್ರೋರಾತ್ರಿ ಊರು ಬಿಟ್ಟು ಹೋದರು. ಒಬ್ಬನು ಉಷ್ಣಾಘಾತದಿಂದ ಸಾವಿನ ಬಾಗಿಲನ್ನು ಕಂಡು ಹಿಂದಿರುಗಿದನು. ಆ ಶಿಬಿರದಲ್ಲಿ ಉಳಿದವರನ್ನು ವೀರರೆಂದು ಹೊಗಳುವ ಪದ್ಧತಿಯು ಬಹುಕಾಲ ನಡೆಯಿತು. ನಮ್ಮ ಅಭಿಪ್ರಾಯದಲ್ಲಿ ಈ ಹೊಗಳಿಕೆಯೇ ನೀರಿನ ನಿಷೇಧಕ್ಕಿಂತ ಹೆಚ್ಚು ಕೇಡು ಮಾಡಿತು. ಏಕೆಂದರೆ ಮುಂದಿನ ತಲೆಮಾರಿನ ಸಣ್ಣ ಸಣ್ಣ ಊರುಗಳ ಕೋಚ್‌ಗಳು ಅನುಕರಿಸಿದ್ದು ಅದನ್ನೇ. ೧೯೬೫ರಲ್ಲಿ ಫ್ಲಾರಿಡ ವಿಶ್ವವಿದ್ಯಾನಿಲಯದ ಮೂತ್ರಪಿಂಡವೈದ್ಯನಾದ ರಾಬರ್ಟ್ ಕೇಡ್ ಎಂಬಾತನು ತನ್ನ ಸಂಗಡಿಗರೊಡನೆ ಆಟಗಾರರ ಬೆವರನ್ನೂ ರಕ್ತವನ್ನೂ ಪರೀಕ್ಷಿಸಿ, ಉಪ್ಪು ಸಕ್ಕರೆಗಳು ಬೆರೆತ ಪಾನೀಯವೊಂದನ್ನು ಸಿದ್ಧಪಡಿಸಿದನು. ಆ ತಂಡದ ಅಡ್ಡಹೆಸರಾದ ಗೇಟರ್ ಎಂಬುದರಿಂದ ಅದಕ್ಕೆ ಗೇಟರೇಡ್ ಎಂದು ಹೆಸರಾಯಿತು. ನೀರಿನ ಮೇಲಿನ ನಿಷೇಧವು ಸಡಿಲವಾಗುವುದಕ್ಕೆ ಇಂತಹ ಪರೀಕ್ಷೆಗಳೂ ನೆರವಾದುವು.

ನೀರು ಸಿಕ್ಕಿತು, ಆದರೂ ಸಾವು ನಿಲ್ಲಲಿಲ್ಲ. ೨೦೦೧ನೆಯ ಆಗಸ್ಟ್ ೧ರಂದು ಮಿನಿಸೋಟ ಸಂಸ್ಥಾನದಲ್ಲಿ ಕೋರಿ ಸ್ಟ್ರಿಂಗರ್ ಎಂಬ ಪ್ರಸಿದ್ಧ ವೃತ್ತಿಪರ ಆಟಗಾರನು ಹಿಂದಿನ ದಿನದ ಅಭ್ಯಾಸದ ಧಗೆಯಿಂದ ಮೃತನಾದನು. ವಯಸ್ಸು ೨೭. ಆಸ್ಪತ್ರೆಯಲ್ಲಿ ಅಳೆದಾಗ ಅವನ ಮೈಯ ಶಾಖವು ೧೦೮ ಡಿಗ್ರಿಗೂ ಮೀರಿತ್ತು. ಐಶ್ವರ್ಯವಂತವಾದ ತಂಡ, ಪಕ್ಕದಲ್ಲಿ ವೈದ್ಯರು, ಬೇಕಾದಷ್ಟು ನೀರು. ಇಷ್ಟಿದ್ದೂ ಹೀಗಾಯಿತೆಂಬುದು ಇಡೀ ದೇಶವನ್ನು ಎಚ್ಚರಿಸಿತು. ಅವನ ಹೆಸರಿನಲ್ಲಿ ೨೦೧೦ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಸಂಸ್ಥೆಯು ಆಟಗಾರರ ಉಷ್ಣಾಘಾತದ ನಿವಾರಣೆಗಾಗಿ ದುಡಿಯುತ್ತಿದೆ. ಬಾಯಾರಿಕೆಯನ್ನು ತೀರಿಸಿದರೆ ಅಪಾಯವೆಲ್ಲ ತೀರಿತೆಂಬ ತಿಳಿವಳಿಕೆಯು ತಪ್ಪೆಂಬುದು ಈಗ ಸ್ಪಷ್ಟವಾಗಿದೆ. ಹೊಟ್ಟೆತುಂಬ ನೀರು ಕುಡಿದವನೂ ಉಷ್ಣಾಘಾತಕ್ಕೆ ತುತ್ತಾಗಬಲ್ಲನು.

ಹಾಗಾದರೆ ಮುಖ್ಯವಾದ ಉಪಾಯವಾವುದು? ಮೈಯನ್ನು ಧಗೆಗೆ ಮೆಲ್ಲಮೆಲ್ಲನೆ ಒಗ್ಗಿಸುವುದು. ಹತ್ತರಿಂದ ಹದಿನಾಲ್ಕು ದಿವಸ ಬಿಸಿಲಿನಲ್ಲಿ ಕ್ರಮವಾಗಿ ದುಡಿದರೆ ದೇಹದಲ್ಲಿ ರಕ್ತದ ದ್ರವಭಾಗವು ಹೆಚ್ಚುವುದು. ಬೆವರು ಬೇಗನೆ ಹೊರಡುವುದು, ಹೆಚ್ಚಾಗಿ ಬರುವುದು, ಅದರಲ್ಲಿ ಉಪ್ಪಿನ ಅಂಶವು ಕಡಮೆಯಾಗುವುದು. ಹೃದಯದ ಬಡಿತವು ಹತೋಟಿಗೆ ಬರುವುದು. ಇದನ್ನು ಆಧಾರವಾಗಿಟ್ಟುಕೊಂಡು ೨೦೦೯ರಲ್ಲಿ ಅಮೆರಿಕದ ಕ್ರೀಡಾವೈದ್ಯ ಸಂಘಗಳು ಒಟ್ಟಾಗಿ ಹೈಸ್ಕೂಲುಗಳಿಗೆ ಹದಿನಾಲ್ಕು ದಿವಸಗಳ ಕ್ರಮವೊಂದನ್ನು ಸೂಚಿಸಿದುವು. ಮೊದಲ ಐದು ದಿವಸ ದಿನಕ್ಕೆ ಒಂದೇ ಅಭ್ಯಾಸ, ಅದೂ ಮೂರು ಗಂಟೆಗೆ ಮೀರದಂತೆ. ಒಂದು ಎರಡನೆಯ ದಿವಸಗಳಲ್ಲಿ ಶಿರಸ್ತ್ರಾಣ ಮಾತ್ರ. ಮೂರರಿಂದ ಐದರವರೆಗೆ ಶಿರಸ್ತ್ರಾಣವೂ ಹೆಗಲಿನ ಮೆತ್ತೆಯೂ. ಆರನೆಯ ದಿವಸದಿಂದ ಪೂರ್ಣ ಕವಚ. ಅಲ್ಲಿಂದ ಮುಂದೆ ಒಂದು ದಿವಸ ಎರಡು ಹೊತ್ತು ಅಭ್ಯಾಸ ಮಾಡಿಸಿದರೆ ಮರುದಿವಸ ಒಂದೇ ಹೊತ್ತು. ಈ ಎಣಿಕೆಯು ಪ್ರತಿಯೊಬ್ಬ ಬಾಲಕನಿಗೂ ಪ್ರತ್ಯೇಕವಾಗಿ ಸಲ್ಲತಕ್ಕದ್ದು. ರಜಕ್ಕೆಂದು ಬೆಂಗಳೂರಿಗೋ ಮೈಸೂರಿಗೋ ಬಂದಿದ್ದು ಹತ್ತು ದಿವಸ ತಡವಾಗಿ ತಂಡವನ್ನು ಸೇರುವ ಹುಡುಗನಿಗೆ ಆ ದಿವಸವೇ ಮೊದಲನೆಯ ದಿವಸ. ಮಿಕ್ಕವರ ಸಮಕ್ಕೆ ಬರಬೇಕೆಂದು ಅವನನ್ನು ಒಡನೆಯೇ ಪೂರ್ಣ ಕವಚದಲ್ಲಿ ಓಡಿಸಲಾಗದು. ಕನ್ನಡಿಗರ ಮನೆಗಳಲ್ಲಿ ಈ ಸಂದರ್ಭವು ಅಪರೂಪವೇನೂ ಅಲ್ಲವಾದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ನಮ್ಮ ವಾಗ್ಭಟಾಚಾರ್ಯರ ಅಷ್ಟಾಂಗಹೃದಯವನ್ನು ಬಲ್ಲವರಿಗೆ ಇದರ ತತ್ತ್ವವು ಹೊಸದೆನಿಸಲಾರದು. ಬಲಿಷ್ಠನಾದವನೂ ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತನ್ನ ಅರ್ಧಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದೂ, ಇತರ ಋತುಗಳಲ್ಲಿ ಅದಕ್ಕಿಂತಲೂ ಮಂದವಾಗಿ ಮಾಡತಕ್ಕದ್ದೆಂದೂ ಅಲ್ಲಿ ವಿಧಿಸಿದೆ. ಗ್ರೀಷ್ಮಚರ್ಯೆಯಲ್ಲಂತೂ ವ್ಯಾಯಾಮವನ್ನೂ ಬಿಸಿಲನ್ನೂ ಬಿಡಬೇಕೆಂದಿದೆ. ಆದರೆ ಎಲ್ಲ ಹೊಸ ಶೋಧಗಳೂ ನಮ್ಮ ಹಳೆಯ ಗ್ರಂಥಗಳಲ್ಲಿ ಅಡಗಿವೆಯೆಂದು ಹೇಳುವ ಚಪಲವು ನಮಗಿಲ್ಲ. ವಾಗ್ಭಟರು ಗಟ್ಟಿ ಶಿರಸ್ತ್ರಾಣವನ್ನು ಹೊತ್ತು ಎರಡು ಹೊತ್ತು ಓಡುವ ಬಾಲಕರನ್ನು ಕಂಡವರಲ್ಲ. ದಿವಸಗಳ ಎಣಿಕೆಯೂ ಡಿಗ್ರಿಗಳ ಲೆಕ್ಕವೂ ಆಧುನಿಕರ ದುಡಿಮೆಯಿಂದಲೇ ದೊರೆತುದು.

ಡಿಗ್ರಿಗಳ ಲೆಕ್ಕವೆಂದೆವಷ್ಟೆ. ಎಷ್ಟು ಧಗೆಯಲ್ಲಿ ಆಡಿಸಬಹುದು, ಎಷ್ಟರಲ್ಲಿ ನಿಲ್ಲಿಸಬೇಕು ಎಂಬುದನ್ನು ಕೋಚ್‌ನ ಅಂದಾಜಿಗೆ ಬಿಡುವುದು ಸರಿಯಲ್ಲ. ಸಾಧಾರಣ ಉಷ್ಣಮಾಪಕವೊಂದೇ ಇದಕ್ಕೆ ಸಾಲದು. ೧೯೫೬ರಲ್ಲಿ, ದಕ್ಷಿಣ ಕೆರೊಲೈನ ಸಂಸ್ಥಾನದ ಸೈನಿಕ ಶಿಕ್ಷಣಕೇಂದ್ರದಲ್ಲಿ ಹೊಸ ಸಿಪಾಯಿಗಳು ಧಗೆಯಿಂದ ಬೀಳುತ್ತಿದ್ದುದನ್ನು ತಡೆಯಲು ಮಾಡಿದ ಅಭ್ಯಾಸದ ಫಲವಾಗಿ, ವೆಟ್ ಬಲ್ಬ್ ಗ್ಲೋಬ್ ಉಷ್ಣಮಾನ ಎಂಬ ಅಳತೆಯು ಬಳಕೆಗೆ ಬಂದಿತು. ಇದರಲ್ಲಿ ಮೂರು ಉಷ್ಣಮಾಪಕಗಳು: ಒಂದರ ಬುಡಕ್ಕೆ ಒದ್ದೆಬಟ್ಟೆ ಸುತ್ತಿರುವುದು, ಒಂದು ಕಪ್ಪುಬಣ್ಣದ ಗೋಳದೊಳಗಿರುವುದು, ಒಂದು ನೆರಳಿನಲ್ಲಿರುವುದು. ಮೊದಲನೆಯದಕ್ಕೆ ಹತ್ತರಲ್ಲಿ ಏಳು ಪಾಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಪಾಲಿನಂತೆ ಕೂಡಿಸಿದರೆ ತೇವ, ಬಿಸಿಲು, ಗಾಳಿ ಎಲ್ಲವೂ ಲೆಕ್ಕಕ್ಕೆ ಬರುವುವು. ತೇವಕ್ಕೆ ಸಂದಿರುವ ಪಾಲನ್ನು ನೋಡಿದರೆ ಅದರ ಮಹತ್ತ್ವವು ತಿಳಿಯುವುದು. ಈಗ ಅಂಗೈಯಷ್ಟು ಚಿಕ್ಕ ಯಂತ್ರವೇ ಈ ಲೆಕ್ಕವನ್ನು ಮಾಡಿ ತೋರಿಸುವುದು.

ಜಾರ್ಜಿಯ ಸಂಸ್ಥಾನದ ಹೈಸ್ಕೂಲು ಕ್ರೀಡಾಸಂಘವು ೨೦೧೨ರಲ್ಲಿ ಈ ಅಳತೆಯನ್ನು ಕಡ್ಡಾಯಮಾಡಿ ನಿಯಮಗಳನ್ನು ವಿಧಿಸಿತು. ಅಂಕವು ೮೭ನ್ನು ಮುಟ್ಟಿದರೆ ಅಭ್ಯಾಸವು ಎರಡು ಗಂಟೆಗೆ ಮೀರಕೂಡದು, ಕೆಳಮೈಯ ಮೆತ್ತೆಗಳನ್ನು ತೆಗೆದು ಚಡ್ಡಿಯಲ್ಲಿಯೇ ಆಡಬೇಕು. ೯೦ನ್ನು ಮುಟ್ಟಿದರೆ ಒಂದೇ ಗಂಟೆ, ಯಾವ ಕವಚವೂ ಇಲ್ಲದೆ, ಆ ಗಂಟೆಯಲ್ಲಿಯೂ ಇಪ್ಪತ್ತು ನಿಮಿಷದ ವಿಶ್ರಾಂತಿ. ೯೨ನ್ನು ಮೀರಿದರೆ ಬಯಲಿನಲ್ಲಿ ಅಭ್ಯಾಸವೇ ಇಲ್ಲ. ಇವು ಫ್ಯಾರನ್‌ಹೀಟ್ ಲೆಕ್ಕದವು. ಸಾಧಾರಣ ಉಷ್ಣಮಾಪಕದ ೯೨ಕ್ಕೂ ಈ ೯೨ಕ್ಕೂ ಬಹಳ ಅಂತರವುಂಟೆಂಬುದನ್ನು ಮರೆಯಬಾರದು. ಇತರ ಅನೇಕ ಸಂಸ್ಥಾನಗಳೂ ಇದೇ ಮಾರ್ಗವನ್ನು ಹಿಡಿದಿವೆ. ಆದರೆ ಆ ದೇಶದಲ್ಲಿ ಶಾಲೆಯ ಆಟದ ನಿಯಮಗಳು ಸಂಸ್ಥಾನ ಸಂಸ್ಥಾನಕ್ಕೂ ಬೇರೆಬೇರೆ. ಒಂದೆಡೆ ಕಡ್ಡಾಯವಾದುದು ಮತ್ತೊಂದೆಡೆ ಬರಿಯ ಸಲಹೆಯಾಗಿರಬಹುದು.

ಎಲ್ಲ ಎಚ್ಚರಿಕೆಯ ನಡುವೆಯೂ ಬಾಲಕನೊಬ್ಬನು ಬಿದ್ದರೆ ಮಾಡತಕ್ಕದ್ದೇನು? ಇಲ್ಲಿ ಒಂದೇ ಸೂತ್ರ: ಮೊದಲು ತಣಿಸು, ಆಮೇಲೆ ಸಾಗಿಸು. ಆಂಬ್ಯುಲೆನ್ಸಿಗೆ ಹೇಳಿಕಳುಹಿಸಬೇಕು ನಿಜ. ಆದರೆ ಅದು ಬರುವವರೆಗೆ ನೆರಳಿನಲ್ಲಿ ಮಲಗಿಸಿ ಬೀಸಣಿಗೆಯಿಂದ ಬೀಸುತ್ತ ಕುಳಿತರೆ ಸಾಲದು. ಕವಚವನ್ನು ಕಳಚಿ, ಮಂಜುಗಡ್ಡೆಯನ್ನು ಹಾಕಿದ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ತಲೆ ಮುಳುಗದಂತೆ ಕಂಕುಳಲ್ಲಿ ಹಿಡಿದುಕೊಂಡು, ನೀರನ್ನು ಕಲಕುತ್ತಿರಬೇಕು. ಹೀಗೆ ಮಾಡಿದರೆ ಮೈಯ ಶಾಖವು ಸುಮಾರು ಮೂರು ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಯುವುದು. ೧೦೨ಕ್ಕೆ ಬಂದಾಗ ಹೊರಗೆ ತೆಗೆಯಬೇಕು. ಬಿದ್ದ ಅರ್ಧ ಗಂಟೆಯೊಳಗೆ ಇದಾದರೆ ಬಾಲಕನು ಬದುಕುವುದು ಬಹುಮಟ್ಟಿಗೆ ನಿಶ್ಚಯ. ಮೆಸಚೂಸೆಟ್ಸ್ ಸಂಸ್ಥಾನದ ಫಾಲ್ಮತ್ ಎಂಬಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಏಳು ಮೈಲಿಗಳ ಓಟವೊಂದು ನಡೆಯುವುದು. ೨೦೧೫ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ೧೮ ವರ್ಷಗಳಲ್ಲಿ ೨೭೪ ಓಟಗಾರರಿಗೆ ಉಷ್ಣಾಘಾತವಾಗಿತ್ತು, ಎಲ್ಲರನ್ನೂ ಸ್ಥಳದಲ್ಲಿಯೇ ತಣ್ಣೀರಿನಲ್ಲಿ ಮುಳುಗಿಸಿದರು, ಒಬ್ಬನೂ ಸಾಯಲಿಲ್ಲ. ಈ ಸಂಖ್ಯೆಯನ್ನು ಓದಿದಮೇಲೆ ಉಷ್ಣಾಘಾತದ ಸಾವನ್ನು ದೈವಾಧೀನವೆನ್ನಲು ನಮ್ಮ ನಾಲಗೆ ಏಳುವುದಿಲ್ಲ.

ಒಳಮೈಯ ಶಾಖವನ್ನು ಅಳೆಯುವ ವಿಷಯದಲ್ಲಿ ಲಜ್ಜೆಯ ತೊಡಕೊಂದುಂಟು. ಬಾಯಿ, ಕಂಕುಳು, ಹಣೆ, ಕಿವಿಗಳಲ್ಲಿ ಅಳೆದ ಅಂಕವು ಓಡಿ ಬಂದವನ ವಿಷಯದಲ್ಲಿ ನಂಬತಕ್ಕದ್ದಲ್ಲ; ಗುದದ್ವಾರದಲ್ಲಿ ಅಳೆದರೆ ಮಾತ್ರ ನಿಜವು ತಿಳಿಯುವುದು. ಬಾಲಕರ ವಿಷಯದಲ್ಲಿ ಇದು ಹೇಗೆಂದು ಅನೇಕ ಶಾಲೆಗಳು ಹಿಂಜರಿಯುವುವು. ಪರದೆಯನ್ನು ಹಿಡಿದು, ತಂದೆತಾಯಿಗಳ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆದು, ತರಬೇತಾದವರು ಅಳೆದರೆ ಇದರಲ್ಲಿ ಅಯೋಗ್ಯವಾದುದೇನೂ ಇಲ್ಲ. ಅಳೆಯುವ ಸೌಕರ್ಯವಿಲ್ಲದಿದ್ದರೆ, ಬುದ್ಧಿಯು ಕದಡಿದ ಆಟಗಾರನನ್ನು ಉಷ್ಣಾಘಾತವಾದವನೆಂದೇ ತಿಳಿದು ತಣಿಸತಕ್ಕದ್ದು. ತೊಟ್ಟಿಯಿಲ್ಲದಿದ್ದರೆ ಟಾರ್ಪಾಲಿನ ನಡುವೆ ಮಲಗಿಸಿ, ನಾಲ್ಕಾರು ಮಂದಿ ಅಂಚುಗಳನ್ನು ಎತ್ತಿಹಿಡಿದು, ನೀರನ್ನೂ ಮಂಜುಗಡ್ಡೆಯನ್ನೂ ಸುರಿದು ಅತ್ತಿತ್ತ ಅಲುಗಿಸಿದರೂ ಕೆಲಸವಾಗುವುದು. ಟಾರ್ಪಾಲಿಗೆ ಎಷ್ಟು ಹಣ?

ಇಷ್ಟು ಸುಲಭವಾದ ಉಪಾಯವು ಸಕಾಲದಲ್ಲಿ ನಡೆಯದೆ ಹೋದುದಕ್ಕೆ ದೃಷ್ಟಾಂತಗಳು ಈಚಿನವೇ. ೨೦೧೭ನೆಯ ಜೂನ್ ಕೊನೆಯಲ್ಲಿ ಫ್ಲಾರಿಡದ ಹೈಸ್ಕೂಲೊಂದರ ಬಾಲಕನು ಅಭ್ಯಾಸದಲ್ಲಿ ಕುಸಿದು ಹನ್ನೊಂದು ದಿವಸಗಳ ತರುವಾಯ ತೀರಿಕೊಂಡನು. ೨೦೧೮ನೆಯ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ತಂಡದ ಹತ್ತೊಂಬತ್ತು ವರ್ಷದ ತರುಣನು ಓಟದ ಅಭ್ಯಾಸದಲ್ಲಿ ಬಿದ್ದು ಜೂನ್ ೧೩ರಂದು ಮೃತನಾದನು. ಅವನ ಶಾಖವನ್ನು ಅಳೆಯಲೂ ಇಲ್ಲ, ತಣ್ಣೀರಿನಲ್ಲಿ ಮುಳುಗಿಸಲೂ ಇಲ್ಲವೆಂಬುದು ವಿಚಾರಣೆಯಿಂದ ಹೊರಬಿದ್ದಿತು. ವಿಶ್ವವಿದ್ಯಾನಿಲಯದ ಅಧ್ಯಕ್ಷರು ಇದರ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. ಫ್ಲಾರಿಡದ ಬಾಲಕನ ತಾಯಿಯು ಶೋಕದಲ್ಲಿ ಕುಳಿತುಬಿಡದೆ ಶಾಸನಸಭೆಯ ಬಾಗಿಲನ್ನು ತಟ್ಟಿದರು. ೨೦೨೦ರಲ್ಲಿ ಆತನ ಹೆಸರಿನಿಂದಲೇ ಕಾಯಿದೆಯೊಂದು ಬಂದು, ಧಗೆಯಲ್ಲಿ ಅಭ್ಯಾಸ ನಡೆಯುವೆಡೆಗಳಲ್ಲಿ ತಣ್ಣೀರಿನ ತೊಟ್ಟಿಯು ಸಿದ್ಧವಾಗಿರಬೇಕೆಂದು ಆ ಸಂಸ್ಥಾನದಲ್ಲಿ ವಿಧಿಯಾಯಿತು.

ಇನ್ನೊಂದು ಘಟನೆಯು ಉಪಾಧ್ಯಾಯವೃತ್ತಿಯಲ್ಲಿದ್ದ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ೨೦೦೮ನೆಯ ಆಗಸ್ಟ್ ತಿಂಗಳಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಹದಿನೈದು ವರ್ಷದ ಬಾಲಕನು ಮೇಲಿಂದಮೇಲೆ ಓಡಿಸಲ್ಪಟ್ಟು ಬಿದ್ದು ಮೂರು ದಿವಸಗಳಲ್ಲಿ ಸತ್ತನು. ಕೋಚ್‌ನ ಮೇಲೆ ಫೌಜುದಾರಿ ಮೊಕದ್ದಮೆಯೇ ನಡೆಯಿತು. ೨೦೦೯ರಲ್ಲಿ ಜೂರಿಯವರು ಆತನನ್ನು ನಿರ್ದೋಷಿಯೆಂದು ಬಿಟ್ಟರು. ಆ ತೀರ್ಪನ್ನು ಪ್ರಶ್ನಿಸುವುದು ನಮ್ಮ ಕೆಲಸವಲ್ಲ. ಆದರೆ ವಿಧೇಯರಲ್ಲದ ಹುಡುಗರಿಗೆ ಓಟವನ್ನೇ ಶಿಕ್ಷೆಯಾಗಿ ವಿಧಿಸುವ ಪದ್ಧತಿಯು ಧಗೆಯ ದಿವಸಗಳಲ್ಲಿ ಸರ್ವಥಾ ತ್ಯಾಜ್ಯವೆಂದು ಹೇಳದಿರಲಾರೆವು. ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನು ಕಾಲು ನೋವೆಂದಾನು. ತಂಡದ ಹುಡುಗನು ಮಾತ್ರ ತನ್ನ ಜಾಗವು ಕೈಬಿಟ್ಟೀತೆಂದು ಹೆದರಿ, ಬೀಳುವವರೆಗೂ ಬಾಯಿಬಿಡನು. ಗೆಲುವಿನ ಹೊಣೆಯನ್ನು ಹೊತ್ತಿರುವ ಕೋಚ್‌ನ ಕೈಯಲ್ಲಿಯೇ ಆಟವನ್ನು ನಿಲ್ಲಿಸುವ ಅಧಿಕಾರವೂ ಇದ್ದರೆ ಒಬ್ಬನೇ ವಾದಿಯೂ ನ್ಯಾಯಾಧೀಶನೂ ಆದಂತೆ. ಅಥ್ಲೆಟಿಕ್ ಟ್ರೈನರ್ ಎಂಬ, ಆರೋಗ್ಯಶಿಕ್ಷಣ ಪಡೆದ ಅಧಿಕಾರಿಯೊಬ್ಬನು ಬಯಲಿನಲ್ಲಿದ್ದು, ಅವನ ಮಾತನ್ನು ಕೋಚ್ ಮೀರಲಾಗದಂತಿರಬೇಕು. ಅನೇಕ ಹೈಸ್ಕೂಲುಗಳಲ್ಲಿ ಇಂತಹವನು ಇಲ್ಲ. ಕೆಲವುಕಡೆ ಪಂದ್ಯದ ದಿವಸ ಮಾತ್ರ ಬರುವನು, ಅಭ್ಯಾಸದ ದಿವಸ ಇರನು. ಅಪಾಯವಿರುವುದೋ ಅಭ್ಯಾಸದಲ್ಲಿ.

ನೀರಿನ ವಿಷಯದಲ್ಲಿ ಎರಡು ಮಾತು. ಅಭ್ಯಾಸಕ್ಕೆ ಮುಂಚೆಯೂ ಆಮೇಲೂ ಬಾಲಕನನ್ನು ತೂಗಿದರೆ ಎಷ್ಟು ನೀರು ಹೋಯಿತೆಂಬುದು ತಿಳಿಯುವುದು. ನೂರೈವತ್ತು ಪೌಂಡಿನವನಿಗೆ ಮೂರು ಪೌಂಡು ಇಳಿದಿದ್ದರೆ ಅದು ಎಚ್ಚರಿಕೆಯ ಗುರುತು; ಮರುದಿವಸ ಬೆಳಿಗ್ಗೆಯೂ ತೂಕವು ಹಿಂದಿರುಗದಿದ್ದರೆ ಅಂದು ಆಡಿಸಬಾರದು. ಹಾಗೆಂದು ಕೊಡಗಟ್ಟಲೆ ಕುಡಿಸುವುದೂ ತಪ್ಪು. ೨೦೧೪ರಲ್ಲಿ ಜಾರ್ಜಿಯದ ಹೈಸ್ಕೂಲು ಆಟಗಾರನೊಬ್ಬನು ಸ್ನಾಯುಸೆಳೆತವನ್ನು ತಡೆಯಲೆಂದು ಹಲವು ಗ್ಯಾಲನ್ನುಗಳಷ್ಟು ನೀರನ್ನೂ ಪಾನೀಯವನ್ನೂ ಕುಡಿದು, ರಕ್ತದ ಉಪ್ಪು ತೆಳುವಾಗಿ, ಮಿದುಳು ಊದಿ ಸತ್ತನು. ಬಾಯಾರಿದಾಗ ತಡೆಯಿಲ್ಲದೆ ಕುಡಿಯುವುದು, ಊಟದಲ್ಲಿ ಉಪ್ಪನ್ನು ಕಡಮೆಮಾಡದಿರುವುದು, ಸಾಮಾನ್ಯವಾಗಿ ಇಷ್ಟು ಸಾಕು. ನಮ್ಮ ಮನೆಗಳ ಉಪ್ಪುಹಾಕಿದ ನೀರುಮಜ್ಜಿಗೆಯನ್ನು ಅಲ್ಲಿನ ತಾಯಂದಿರು ಧಾರಾಳವಾಗಿ ಕೊಡಬಹುದು.

ಮನೆಯವರು ಗಮನಿಸಬೇಕಾದುವು ಇನ್ನು ಕೆಲವುಂಟು. ಜ್ವರ, ಭೇದಿ, ವಾಂತಿಗಳಿಂದ ಆಗತಾನೆ ಎದ್ದವನನ್ನು ಬಯಲಿಗೆ ಕಳುಹಿಸಕೂಡದು. ರಾತ್ರಿ ನಿದ್ದೆಗೆಟ್ಟವನಿಗೂ ಧಗೆಯು ಬೇಗ ತಟ್ಟುವುದು. ನೆಗಡಿಗೆಂದೋ ಚಿತ್ತಚಾಂಚಲ್ಯಕ್ಕೆಂದೋ ತೆಗೆದುಕೊಳ್ಳುವ ಕೆಲವು ಔಷಧಗಳು ಮೈಯ ಶಾಖವನ್ನು ಹೆಚ್ಚಿಸುವುವು ಅಥವಾ ಬೆವರನ್ನು ತಡೆಯುವುವು. ಇವನ್ನು ವೈದ್ಯರಿಗೂ ಶಾಲೆಗೂ ತಿಳಿಸಿರಬೇಕು. ತಂಡಕ್ಕೆ ಸೇರುವ ಮುನ್ನ ವೈದ್ಯಪರೀಕ್ಷೆಯ ಕಾಗದವೊಂದನ್ನು ತುಂಬಿ ಕೊಡಬೇಕಾಗುವುದು. ಅದರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಗುಣದ ಪ್ರಶ್ನೆಯಿದ್ದರೆ ಹಗುರವಾಗಿ ತಿಳಿಯಬಾರದು. ಈ ಗುಣವುಳ್ಳವರು ಮಿಕ್ಕ ವೇಳೆಯಲ್ಲಿ ಆರೋಗ್ಯವಂತರಾಗಿದ್ದರೂ ಧಗೆಯಲ್ಲಿ ಮಿತಿಮೀರಿ ಓಡಿದಾಗ ಕುಸಿಯುವ ಅಪಾಯವುಂಟು. ಅಮೆರಿಕದಲ್ಲಿ ಈಗ ಹುಟ್ಟುವ ಶಿಶುಗಳಿಗೆ ಈ ಪರೀಕ್ಷೆಯನ್ನು ಹುಟ್ಟಿದಾಗಲೇ ಮಾಡುವರು. ಇಲ್ಲಿ ಹುಟ್ಟಿ ಅಲ್ಲಿಗೆ ಹೋದ ಮಕ್ಕಳಿಗೆ ಅದು ಆಗಿರುವುದೆಂದು ಹೇಳಲಾಗದು. ನಮ್ಮ ದೇಶದ ಕೆಲವು ಜನಾಂಗಗಳಲ್ಲಿಯೂ ಈ ಗುಣವಿರುವುದರಿಂದ, ಕಾಗದಕ್ಕೆ ಸಹಿಮಾಡುವ ಮುನ್ನ ಒಮ್ಮೆ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಅದೇ ಕಾಗದವನ್ನು ಕೊಡಲು ಶಾಲೆಗೆ ಹೋದಾಗ, ತಣ್ಣೀರಿನ ತೊಟ್ಟಿಯು ಎಲ್ಲಿದೆ, ಅಭ್ಯಾಸದ ದಿವಸ ಅದಕ್ಕೆ ಮಂಜುಗಡ್ಡೆಯನ್ನು ತುಂಬಿಸುವವರು ಯಾರು ಎಂದು ವಿಚಾರಿಸಿ, ಸಾಧ್ಯವಾದರೆ ಕಣ್ಣಿನಿಂದ ನೋಡಿ ಬರಬಹುದು.